ನಿವೃತ್ತಿ ಯಾವುದರಿಂದ?

(ಲಿಂಗದಹಳ್ಳಿಯ ಶ್ರಾವಣಮಾಸದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಆಶೀರ್ವಚನ)



ಈ ಊರಿಗೆ ನಾವು ಬಂದಾಗಲೆಲ್ಲ ನಿಮ್ಮ ಸಮಿತಿಯವರು ಒಂದು ವಿಷಯವನ್ನು ಚೀಟಿಯಲ್ಲಿ ಬರೆದು ಕೊಡುವುದುಂಟು. ಈ ಸಲ ವಿಷಯ ಕೊಟ್ಟವರು ಸಮಿತಿಯವರಲ್ಲ, ಒಬ್ಬ ವೃದ್ಧ ಭಕ್ತರು. ಈ ಸೀಮೆಯವರೇ, ಹೆಸರು ಕೇಳಬೇಡಿ, ಸಭೆಯಲ್ಲಿಯೇ ಕುಳಿತಿದ್ದಾರೋ ಏನೋ! ಕಾರ್ತಿಕದಲ್ಲಿ ಒಂದು ದಿನ ಮಠಕ್ಕೆ ಬಂದು ಪಾದಮುಟ್ಟಿ ನಮಸ್ಕರಿಸಿ ಕುಳಿತರು. "ಬುದ್ಧೀ, ನಮ್ಮ ಹುಡುಗನಿಗೆ ತಾವು ಒಸಿ ಬುದ್ಧಿ ಹೇಳಬೇಕು. ಅಡಿಕೆ ಚೇಣಿ ಯಾರಿಗೆ ಕೊಡಬೇಕು ಅಂತ ಅವನೇ ಮಾತಾಡಿಕೊಂಡು ಬಂದವ್ನೆ. ಮನೆ ಬೀಗದ ಕೈ ಬೇರೆ ಕೇಳ್ತಾನೆ. ಕೊಡದಿದ್ರೆ ಪಾಲು ಅಂತಾನೆ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಹುಡುಗನ ವಯಸ್ಸೆಷ್ಟು ಎಂದು ಕೇಳಿದೆವು. "ಐವತ್ತೆರಡು ಬುದ್ಧಿ" ಎಂದರು.

ಆ ಹುಡುಗನಿಗೆ ಮೊಮ್ಮಗಳು ಹುಟ್ಟಿ ಆರು ತಿಂಗಳಾಗಿತ್ತು. ಹಾಗಿದ್ದರೂ ಗೊಬ್ಬರ ತರಬೇಕಾದರೆ ತಂದೆಯ ಮುಂದೆ ನಿಂತು ಕೈ ಚಾಚಬೇಕು. ತಂದೆ ಉಡಿದಾರಕ್ಕೆ ಕಟ್ಟಿದ ಬೀಗದ ಕೈಯನ್ನು ಬಿಚ್ಚಿ, ಪೆಟ್ಟಿಗೆ ತೆಗೆದು, ಎರಡು ಸಲ ಎಣಿಸಿ ಕೊಡಬೇಕು. ನಾವು ಆ ಹಿರಿಯರಿಗೆ ಸಮಾಧಾನ ಹೇಳುವ ಬದಲು ವೈರಾಗ್ಯ ಹೇಳಲು ಪ್ರಾರಂಭಿಸಿದೆವು. ಸಂಸಾರದ ಭಾರವನ್ನು ಮಗನ ಹೆಗಲಿಗೆ ಕೊಟ್ಟು, ಶಿವಚಿಂತನೆಯಲ್ಲಿ ಕಾಲ ಕಳೆಯಬಾರದೇ ಎಂದೆವು. ಅವರು ನಮ್ಮನ್ನೇ ಸ್ವಲ್ಪ ಹೊತ್ತು ನೋಡಿ, ಬಹಳ ವಿನಯದಿಂದ, "ತಮ್ಮ ಸೊಂಟದಾಗೂ ಒಂದು ಗೊಂಚಲು ಐತಲ್ಲ ಬುದ್ಧಿ" ಎಂದರು.

ನಮಗೆ ಉತ್ತರ ಹೊಳೆಯಲಿಲ್ಲ. ಐವತ್ತು ದಾಟಿ ಕೆಲವು ವರ್ಷಗಳಾದವು. ಮಠದ ಉಗ್ರಾಣದ ಕೈ, ಪೆಟ್ಟಿಗೆಯ ಕೈ ಎರಡೂ ನಮ್ಮ ಬಳಿಯೇ ಇದ್ದವು. ಅಂದಿನಿಂದ ಈ ಮುಪ್ಪು, ಈ ನಿವೃತ್ತಿ ಎಂಬುದು ಎಲ್ಲಿಂದ ಬಂತು, ನಮ್ಮ ಹಿರಿಯರು ಏನು ಮಾಡಿದರು ಎಂದು ಓದುತ್ತ ಬಂದಿದ್ದೇವೆ. ಅದನ್ನೇ ಈ ದಿನ ನಿಮ್ಮ ಮುಂದೆ ಇಡುತ್ತೇವೆ. ಓದುವುದೂ ಈಗ ಸುಲಭವಲ್ಲ. ಮೊನ್ನೆ ಅರ್ಧ ಗಳಿಗೆ ಕನ್ನಡಕ ಹುಡುಕಿದೆವು. ಪಾಠಶಾಲೆಯ ಒಬ್ಬ ಮಾಣಿ ಬಂದು "ಹಣೆ ಮ್ಯಾಲೈತೆ ಬುದ್ಧಿ" ಎಂದ. ಶಿವನಿಗೆ ಹಣೆಯಲ್ಲಿ ಒಂದು ಕಣ್ಣು, ನಮಗೆ ಎರಡು!

ಮೊದಲು ಶಬ್ದದಿಂದಲೇ ಹೊರಡೋಣ. ಸಂಸ್ಕೃತ ಓದಿದವರಿಗೆ ಇದೊಂದು ಚಪಲ, ಕ್ಷಮಿಸಬೇಕು. 'ವೃದ್ಧ' ಎಂದರೆ ಕುಗ್ಗಿದವನು ಎಂದು ನೀವು ತಿಳಿದಿರಬಹುದು. ಹಾಗಲ್ಲ. ಅದು ಬಂದದ್ದು ಬೆಳೆಯುವುದು ಎಂಬ ಅರ್ಥದ ಧಾತುವಿನಿಂದ. ವೃದ್ಧಿ ಬಂದದ್ದೂ ಅಲ್ಲಿಂದಲೇ. ವೃದ್ಧ ಎಂದರೆ ಬೆಳೆದವನು. ಇನ್ನು 'ನಿವೃತ್ತಿ' ಎಂದರೆ ಹಿಂದಿರುಗುವುದು, ಸಂಜೆ ದನ ಹಟ್ಟಿಗೆ ಬಂದ ಹಾಗೆ. ಪ್ರವೃತ್ತಿ ನಿವೃತ್ತಿಗಳೆಂದು ಶಾಸ್ತ್ರ ಹೇಳುವಾಗ ಅದು ಮನಸ್ಸು ವಿಷಯಗಳಿಂದ ಹಿಂದಿರುಗುವ ಮಾತು. ಇಷ್ಟು ದೊಡ್ಡ ಶಬ್ದವನ್ನು ನಾವು ತಂದು ಕಚೇರಿಯ ಕುರ್ಚಿಯಿಂದ ಎದ್ದು ಮನೆಯ ಕುರ್ಚಿಯಲ್ಲಿ ಕೂರುವುದಕ್ಕೆ ಉಪಯೋಗಿಸಿಬಿಟ್ಟೆವು. ಆದ್ದರಿಂದಲೇ ಹಾರ ಹಾಕಿಸಿಕೊಂಡು ಬಂದವರು ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅಂಗಿ ತೊಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಜಗಲಿಯ ಮೇಲೆ ನಿಂತಿರುತ್ತಾರೆ.

ಪುರಾತನರು ಮುಪ್ಪಿಗೆ ವರ್ಷ ಎಣಿಸಲಿಲ್ಲ. ಮನುಸ್ಮೃತಿ ಹೇಳಿದ್ದು ಮೂರು ಗುರುತು: ಮೈ ಸುಕ್ಕು, ತಲೆ ನರೆ, ಮಗನ ಮಗುವಿನ ಮುಖ. ಇವನ್ನು ಕಂಡ ಗೃಹಸ್ಥ ಕಾಡಿಗೆ ಹೊರಡಬೇಕು. ಈ ಕಾಲದಲ್ಲಿ ಅದು ನಡೆಯುವಂತಿಲ್ಲ. ನರೆಗೆ ಅಂಗಡಿಯಲ್ಲಿ ಬಣ್ಣ ಸಿಗುತ್ತದೆ. ಇನ್ನು ಕಾಡು ಎಂದರೆ ನಿಮಗೆ ಹತ್ತಿರವೇ ಇದೆ. ಆದರೆ ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಮೇಲೆ ವಾನಪ್ರಸ್ಥಕ್ಕೆಂದು ಕಮಂಡಲು ಹಿಡಿದು ಹೊರಟರೆ ಅರಣ್ಯ ಇಲಾಖೆಯವರು ಗೇಟಿನಲ್ಲಿಯೇ ನಿಲ್ಲಿಸಿ ಪರವಾನಗಿ ಕೇಳುತ್ತಾರೆ.

ಕಾಳಿದಾಸ ರಘುವಂಶದಲ್ಲಿ ದಶರಥನ ಮುಪ್ಪನ್ನು ವರ್ಣಿಸಿದ್ದಾನೆ. ಕಿವಿಯ ಬಳಿ ಒಂದು ನರೆಗೂದಲು ಕಾಣಿಸಿತಂತೆ. ಕೈಕೇಯಿಗೆ ಕೇಳಿಸೀತೆಂಬ ಅಂಜಿಕೆಯಿಂದಲೋ ಎಂಬಂತೆ, ರಾಜ್ಯವನ್ನು ರಾಮನಿಗೆ ಕೊಡು ಎಂದು ಅದು ಕಿವಿಯಲ್ಲಿಯೇ ಪಿಸುಗುಟ್ಟಿತಂತೆ. ದಶರಥನಿಗೆ ಕೇಳಿಸಿತು. ಎಲ್ಲರಿಗೂ ಕೇಳಿಸುವುದಿಲ್ಲ. ಯಯಾತಿಗೆ ಕೇಳಿಸಲಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಆತನ ಕಥೆ ಇದೆ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪು ಬಂದಾಗ ಮಕ್ಕಳ ಮುಂದೆ ನಿಂತು, ನನ್ನ ಮುಪ್ಪು ತೆಗೆದುಕೊಂಡು ನಿಮ್ಮ ಯೌವನ ಕೊಡಿ ಎಂದ. ಹಿರಿಯರೆಲ್ಲ ಒಲ್ಲೆನೆಂದರು, ಕಿರಿಯವನಾದ ಪೂರು ಕೊಟ್ಟ. ಸಾವಿರ ವರ್ಷ ಭೋಗಿಸಿದರೂ ತೃಪ್ತಿಯಾಗದೆ ಕೊನೆಗೆ ಹಿಂದಿರುಗಿಸಿದ.

ಈ ಕಥೆ ಹೇಳಿದಾಗ ಜನ ಯಯಾತಿಯನ್ನು ಬೈಯುತ್ತಾರೆ. ಬೈಯುವವರು ತಮ್ಮ ಉಡಿದಾರವನ್ನೊಮ್ಮೆ ಮುಟ್ಟಿ ನೋಡಿಕೊಳ್ಳಬೇಕು. ಯಯಾತಿ ಬಾಯಿಬಿಟ್ಟು ಕೇಳಿದ, ಕೊನೆಗೆ ಹಿಂದಕ್ಕೂ ಕೊಟ್ಟ. ನಾವು ಕೇಳುವುದೂ ಇಲ್ಲ. ಮಗನಿಗೆ ಇಪ್ಪತ್ತೈದರಲ್ಲಿ ಬರಬೇಕಾದ ಜವಾಬ್ದಾರಿಯನ್ನು ಐವತ್ತೆರಡರ ತನಕ ನಮ್ಮ ಬಳಿಯೇ ಇಟ್ಟುಕೊಂಡರೆ ಅವನ ಯೌವನ ಯಾರ ಪಾಲಾಯಿತು? ಹಿಂದಕ್ಕೆ ಕೊಡುವುದಾದರೂ ಹೇಗೆ? ಆ ಹಿರಿಯರು ಹೋದ ಮೇಲೆ ರಾತ್ರಿ ನಮಗೆ ನಿದ್ರೆ ಬರದಂತೆ ಮಾಡಿದ್ದು ಈ ಪ್ರಶ್ನೆ. ಮಠದಲ್ಲಿ ಮರಿದೇವರು ಇದ್ದಾರೆ, ಅವರಿಗೂ ಮೂವತ್ತು ದಾಟಿತು.

ನಮ್ಮ ಕನ್ನಡ ನಾಡಿನಲ್ಲಿಯೇ ಒಳ್ಳೆಯ ಮೇಲ್ಪಂಕ್ತಿಗಳಿವೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ 814ರಿಂದ ಸುಮಾರು 878ರವರೆಗೆ ಆಳಿದ. ಅರವತ್ತು ವರ್ಷಕ್ಕೂ ಮೀರಿದ ಆಳ್ವಿಕೆ! ಅವನ ಹೆಸರಿನಲ್ಲಿರುವ ಪ್ರಶ್ನೋತ್ತರರತ್ನಮಾಲಿಕೆ ಎಂಬ ಸಂಸ್ಕೃತ ಕೃತಿಯ ಕೊನೆಯಲ್ಲಿ, ವಿವೇಕದಿಂದ ರಾಜ್ಯವನ್ನು ತ್ಯಜಿಸಿದವನೆಂದು ಅವನನ್ನು ಹೇಳಿದೆ. ವಯಸ್ಸಾಯಿತೆಂದು ಬಿಟ್ಟ ಎಂದಿಲ್ಲ, ವಿವೇಕದಿಂದ ಬಿಟ್ಟ ಎಂದಿದೆ.

ಶರಣರ ದಾರಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅವರು ಕಾಡಿಗೂ ಹೋಗಲಿಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರ ದೇಶದ ಅರಸರಾಗಿದ್ದರೆಂದೂ, ರಾಜ್ಯ ಬಿಟ್ಟು ಪತ್ನಿ ಮಹಾದೇವಿಯವರೊಡನೆ ಕಲ್ಯಾಣಕ್ಕೆ ಬಂದರೆಂದೂ ನಮ್ಮ ಪುರಾಣಗಳು ಹೇಳುತ್ತವೆ. ಬಂದು ಏನು ಮಾಡಿದರು? ಸಿಂಹಾಸನ ಬಿಟ್ಟವರು ಸುಖವಾಗಿ ಜಪ ಮಾಡುತ್ತ ಕೂರಬಹುದಾಗಿತ್ತು. ಅವರು ಕಟ್ಟಿಗೆ ಹೊರೆ ಹೊತ್ತು ಮಾರಿದರು. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಅದೇ ಅವರ ಹೆಸರಾಯಿತು. ಕಾಶ್ಮೀರದ ಕಿರೀಟ ಅವರ ಹೆಸರಿನಲ್ಲಿ ಉಳಿಯಲಿಲ್ಲ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ವಿಷಯ ನಿಮಗೆ ಗೊತ್ತೇ ಇದೆ, ಚೆಲ್ಲಿದ ಅಕ್ಕಿ ಆಯುವುದೇ ಕಾಯಕ. ಅಣ್ಣ ಬಸವಣ್ಣನವರು ಬಿಜ್ಜಳನ ಭಂಡಾರಿಗಳು, ಅಂದರೆ ಬೀಗದ ಕೈ ಅವರ ಬಳಿಯಲ್ಲಿಯೇ! ಸಮಯ ಬಂದಾಗ ಅದನ್ನು ಅಲ್ಲಿಯೇ ಇಟ್ಟು ಕೂಡಲಸಂಗಮದ ದಾರಿ ಹಿಡಿದರು. ಶರಣರಲ್ಲಿ ಅಧಿಕಾರಕ್ಕೆ ನಿವೃತ್ತಿ ಉಂಟು, ಕಾಯಕಕ್ಕೆ ಇಲ್ಲ. ನಾವು ಇದನ್ನು ತಿರುವು ಮುರುವು ಮಾಡಿಕೊಂಡಿದ್ದೇವೆ: ಕೆಲಸ ಬಿಡುತ್ತೇವೆ, ಯಜಮಾನಿಕೆ ಬಿಡುವುದಿಲ್ಲ.

ಹಾಗಾದರೆ ಈ ಐವತ್ತೆಂಟು, ಅರವತ್ತು ಎಂಬ ಲೆಕ್ಕ ಎಲ್ಲಿಂದ ಬಂತು? ಖಜಾನೆಯಿಂದ ಬಂತು. ಜರ್ಮನಿಯಲ್ಲಿ ಬಿಸ್ಮಾರ್ಕ್ ಎಂಬ ಪ್ರಧಾನಿ 1889ರಲ್ಲಿ ಕೂಲಿಕಾರರಿಗೆ ವೃದ್ಧಾಪ್ಯ ವೇತನದ ಕಾಯಿದೆ ಮಾಡಿದ. ಎಪ್ಪತ್ತು ತುಂಬಿದವರಿಗೆ ಎಂದು ಗೊತ್ತು ಮಾಡಿದ. 1916ರಲ್ಲಿ ಅದು ಅರವತ್ತೈದಕ್ಕೆ ಇಳಿಯಿತು. ತಮಾಷೆ ಏನೆಂದರೆ, ಆ ಕಾಯಿದೆ ಆದಾಗ ಬಿಸ್ಮಾರ್ಕನಿಗೇ ಎಪ್ಪತ್ತನಾಲ್ಕು. ಊರಿಗೆಲ್ಲ ವಿಶ್ರಾಂತಿ ಕೊಟ್ಟವನು ತಾನು ಕುರ್ಚಿ ಬಿಡಲಿಲ್ಲ. ಮರುವರ್ಷ 1890ರಲ್ಲಿ, ಮೂವತ್ತೊಂದು ವರ್ಷದ ಚಕ್ರವರ್ತಿ ಅವನನ್ನು ಇಳಿಸಿ ಮನೆಗೆ ಕಳುಹಿಸಿದ. ನರೆಗೂದಲ ಮಾತು ಕೇಳಿಸದವರಿಗೆ ಬೇರೆಯವರು ಗಟ್ಟಿಯಾಗಿ ಹೇಳಬೇಕಾಗುತ್ತದೆ.

ನಮ್ಮ ದೇಶದಲ್ಲಿ ಪಿಂಚಣಿಯ ಕಾಯಿದೆ 1871ರದು. ಹಳೆಯ ಮೈಸೂರಿನಲ್ಲಿ ಸರಕಾರಿ ನೌಕರರಿಗೆ ಐವತ್ತೈದು ಇತ್ತು, ಮುಂದೆ ಐವತ್ತೆಂಟಾಯಿತು, 2008ರಲ್ಲಿ ಅರವತ್ತಾಯಿತು. 2006ರ ಏಪ್ರಿಲ್ ಒಂದರಿಂದ ಸೇರಿದವರಿಗೆ ಹಳೆಯ ಪಿಂಚಣಿಯ ಬದಲು ಹೊಸ ಯೋಜನೆ ಬಂತು. ಆ ವಿಷಯ ಎತ್ತಿದರೆ ಇಲ್ಲಿರುವ ಮೇಷ್ಟರುಗಳೆಲ್ಲ ಎದ್ದು ನಿಲ್ಲುತ್ತಾರೆ, ಬೇಡ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮವರ ಸರಾಸರಿ ಆಯುಸ್ಸು ಮೂವತ್ತೆರಡರ ಆಸುಪಾಸು. ಈಗ ಎಪ್ಪತ್ತರ ಹತ್ತಿರ. ಆಗ ನಿವೃತ್ತಿಯ ವಯಸ್ಸನ್ನು ಮುಟ್ಟುವುದೇ ಎಷ್ಟೋ ಜನರಿಗೆ ಆಗಲಿಲ್ಲ. ಈಗ ಮುಟ್ಟಿದ ಮೇಲೆ ಇಪ್ಪತ್ತು ವರ್ಷ ಏನು ಮಾಡಬೇಕು ಎಂಬುದು ಹೊಸ ಪ್ರಶ್ನೆ. ಇದರಲ್ಲಿ ಒಂದು ಕೆಲಸ ಮಾತ್ರ ಖಂಡಿತ: ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಹೋಗಿ ತಾನು ಬದುಕಿದ್ದೇನೆಂದು ತೋರಿಸಿ ಬರುವುದು. 2014ರಲ್ಲಿ ಅದಕ್ಕೆ ಬೆರಳಚ್ಚಿನ ಯಂತ್ರ ಬಂತು. ನಮ್ಮ ಭಕ್ತರೊಬ್ಬರು, ನಿವೃತ್ತ ಉಪಾಧ್ಯಾಯರು, ತೋಟದಲ್ಲಿ ಗುದ್ದಲಿ ಹಿಡಿಯುವವರು. ಅವರ ಬೆರಳಿನ ಗೆರೆಗಳು ಸವೆದಿದ್ದವು. ಹತ್ತು ಬೆರಳನ್ನೂ ಒತ್ತಿಸಿದರೂ ಯಂತ್ರ ಒಪ್ಪಲಿಲ್ಲವಂತೆ. "ಎದುರಿಗೆ ನಿಂತಿದ್ದೇನಲ್ಲ ಸ್ವಾಮಿ" ಎಂದರೆ, "ನೀವು ನಿಂತಿದ್ದೀರಿ ಸಾರ್, ಆದರೆ ಇದು ಒಪ್ಪಬೇಕಲ್ಲ" ಎಂದರಂತೆ ಅಲ್ಲಿನವರು. ಅವರು ಮಠಕ್ಕೆ ಬಂದು, "ಕಾಯಕ ಮಾಡಿದ್ದಕ್ಕೇ ಬದುಕಿಲ್ಲ ಅಂದುಬಿಟ್ಟರು ಬುದ್ಧಿ" ಎಂದು ನಕ್ಕರು. ಎರಡನೆಯ ಸಲ ಹೋದಾಗ ಒಪ್ಪಿತಂತೆ.

ಈಗ ನಿಮ್ಮ ಊರಿನ ದಾರಿಗೆ ಬರೋಣ. ಈ ಲಿಂಗದಹಳ್ಳಿಯಿಂದ ಕಲ್ಲತ್ತಿಗಿರಿಯ ವೀರಭದ್ರಸ್ವಾಮಿಯ ಸನ್ನಿಧಿ ಹಾಯ್ದು ಮೇಲೆ ಹೋದರೆ ಕೆಮ್ಮಣ್ಣುಗುಂಡಿ. ಹೆಸರೇ ಹೇಳುತ್ತದೆ, ಕೆಂಪು ಮಣ್ಣು. ಅದು ಕಬ್ಬಿಣದ ಅದಿರು. ಆ ಅದಿರನ್ನು ನೆಚ್ಚಿ, ಮಲೆನಾಡಿನ ಸೌದೆಯ ಇದ್ದಿಲನ್ನು ನೆಚ್ಚಿ, ಹಿಂದೆ ಬೆಂಕಿಪುರವೆನ್ನುತ್ತಿದ್ದ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಎದ್ದಿತು. ಅದಿರು ರೋಪ್‌ವೇಯ ತೊಟ್ಟಿಲುಗಳಲ್ಲಿ ಗುಡ್ಡ ಇಳಿಯುತ್ತಿತ್ತು. 1923ರಲ್ಲಿ ಕುಲುಮೆ ಉರಿಯಿತು, ಅದರ ಜೊತೆಗೆ ನಷ್ಟವೂ ಉರಿಯಿತು. ಆಗ ಅದನ್ನು ಹೊತ್ತುಕೊಂಡವರು ಸರ್ ಎಂ. ವಿಶ್ವೇಶ್ವರಯ್ಯನವರು.

ಅವರ ನಿವೃತ್ತಿಯ ಲೆಕ್ಕ ನೋಡಿ. 1908ರಲ್ಲಿ, ಐವತ್ತು ತುಂಬುವ ಮುನ್ನವೇ, ಮುಂಬಯಿ ಸರಕಾರದ ಕೆಲಸದಿಂದ ತಾವಾಗಿ ನಿವೃತ್ತರಾದರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರು, 1912ರಲ್ಲಿ ದಿವಾನರು. 1918ರಲ್ಲಿ ಧೋರಣೆಯ ಭೇದ ಬಂದಾಗ ಕುರ್ಚಿಗೆ ಅಂಟಿಕೊಳ್ಳಲಿಲ್ಲ, ದಿವಾನಗಿರಿ ಬಿಟ್ಟರು. ನಾಡಿನಲ್ಲಿ ಅದಕ್ಕಿಂತ ದೊಡ್ಡ ಅಧಿಕಾರ ಮಹಾರಾಜರದು ಬಿಟ್ಟರೆ ಇನ್ನೊಂದಿಲ್ಲ. ಅಂಥವರು ಐದು ವರ್ಷದ ಮೇಲೆ, ಅರವತ್ತು ದಾಟಿದವರು, ನಷ್ಟದಲ್ಲಿದ್ದ ಒಂದು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ದುಡಿದರು. ದಿವಾನರಾಗಿದ್ದವರು ಕಾರ್ಖಾನೆಯ ಖರ್ಚಿನ ಲೆಕ್ಕ ನೋಡುವುದೇ ಎಂದು ಅವರಿಗೆ ಅನಿಸಲಿಲ್ಲ. ಆ ಕೆಲಸಕ್ಕೆ ಬರಬೇಕಾಗಿದ್ದ ಸಂಭಾವನೆಯನ್ನೂ ತಾವು ಇಟ್ಟುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಶಾಲೆಗೆಂದು ಬಿಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆ 1943ರಲ್ಲಿ ಹಾಗೆ ಹುಟ್ಟಿತು. 1952ರಲ್ಲಿ, ತೊಂಬತ್ತು ದಾಟಿದ ಮೇಲೆ, ಗಂಗಾನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನೋಡಲು ಬಿಹಾರದವರೆಗೆ ಹೋದರು. ಮೊಕಾಮೆಯ ಸೇತುವೆ 1959ರಲ್ಲಿ ತೆರೆಯಿತು, ಅವರು ಇನ್ನೂ ಇದ್ದರು. 1962ರ ಏಪ್ರಿಲಿನಲ್ಲಿ ನೂರು ದಾಟಿ ತೀರಿಕೊಂಡರು.

ಅವರು ವೀರಶೈವರಲ್ಲ, ಕಾಯಕವೆಂಬ ಮಾತನ್ನು ನಮ್ಮ ಅರ್ಥದಲ್ಲಿ ಬಳಸಿದವರೂ ಅಲ್ಲ. ಆದರೆ ಮೋಳಿಗೆಯ ಮಾರಯ್ಯನವರು ಮಾಡಿದ್ದಕ್ಕೂ ಅವರು ಮಾಡಿದ್ದಕ್ಕೂ ನಮಗೆ ಬಹಳ ದೂರ ಕಾಣಿಸುವುದಿಲ್ಲ. ಈಗ ಗುಡ್ಡದ ಮೇಲಿನ ಗಣಿ ನಿಂತಿದೆ. 2023ರಲ್ಲಿ ಆ ಕಾರ್ಖಾನೆಯನ್ನೇ ಮುಚ್ಚುವ ಮಾತು ಬಂದಾಗ ಭದ್ರಾವತಿಯ ಕಾರ್ಮಿಕರು ಬೀದಿಗಿಳಿದರು. ಕಬ್ಬಿಣಕ್ಕೂ ನಿವೃತ್ತಿ ಎಂದರೆ ಭಯವೇ.

ಇನ್ನು ನಮ್ಮ ಮಠಗಳ ಮಾತು. ಇದನ್ನು ಬಿಟ್ಟು ಗೃಹಸ್ಥರಿಗೆ ಮಾತ್ರ ಉಪದೇಶ ಮಾಡಿದರೆ ಆ ಹಿರಿಯರು ಮತ್ತೆ ಸೊಂಟ ನೋಡುತ್ತಾರೆ. ಸಿರಿಗೆರೆಯ ತರಳಬಾಳು ಜಗದ್ಗುರು ಲಿಂಗೈಕ್ಯ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು 1940ರಲ್ಲಿ ಪೀಠವೇರಿದವರು. ತರೀಕೆರೆ, ಅಜ್ಜಂಪುರದ ಕಡೆಯ ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಅವರ ಚಿತ್ರಪಟವಿದೆ. ಶಾಲೆ ಕಟ್ಟಿದರು, ನಾಟಕ ಬರೆದು ಆಡಿಸಿದರು, ತಪ್ಪು ಕಂಡಲ್ಲಿ ಗದರಿಸಿದರು. ಅಂಥವರು ಅರವತ್ತರ ನಂತರ ಪೀಠದಲ್ಲಿ ಇರಬಾರದೆಂದು ತಾವೇ ನಿಶ್ಚಯಿಸಿ, 1979ರಲ್ಲಿ ಶಿಷ್ಯರಿಗೆ ಪಟ್ಟಕಟ್ಟಿದರು. ಆಮೇಲೆ ಹದಿಮೂರು ವರ್ಷ ಇದ್ದು 1992ರಲ್ಲಿ ಲಿಂಗೈಕ್ಯರಾದರು. ಅದೇ ಹೆಸರಿನ ಇನ್ನೊಬ್ಬ ಪೂಜ್ಯರು, ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳವರು, 1941ರಲ್ಲಿ ಮಠದ ಹೊಣೆ ಹೊತ್ತರು. ನೂರಾಹನ್ನೊಂದು ವರ್ಷ ಬಾಳಿ 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೂ ಅವರು ಪೀಠದಲ್ಲಿಯೇ ಇದ್ದರು. ಸಾವಿರಾರು ಮಕ್ಕಳ ಊಟದ ಚಿಂತೆ ಕೊನೆಯ ತನಕ ಅವರದೇ.

ಒಬ್ಬರು ಬಿಟ್ಟರು, ಒಬ್ಬರು ಬಿಡಲಿಲ್ಲ. ಯಾರು ಸರಿ ಎಂದು ತೂಗಲು ನಾವು ಯಾರು? ಆದರೂ ಕೆಲವು ತಿಂಗಳು ನಾವು ತೂಗಿದೆವು, ಸುಳ್ಳು ಹೇಳುವುದಿಲ್ಲ. ನಿಜ ಹೇಳಬೇಕೆಂದರೆ, ಬಿಡದಿರುವುದಕ್ಕೆ ಒಂದು ನೆಪ ಸಿಗಲಿ ಎಂದೇ ಸಿದ್ಧಗಂಗೆಯ ಪೂಜ್ಯರ ಚರಿತ್ರೆಯನ್ನು ತೆರೆದೆವು. ಅಲ್ಲಿ ಸಿಕ್ಕಿದ್ದು ಬೇರೆ. ಅವರು 1988ರಲ್ಲಿಯೇ ಉತ್ತರಾಧಿಕಾರಿಯನ್ನು ಆರಿಸಿ, ಜನರ ಮುಂದೆ ಹೆಸರು ಹೇಳಿ, ಮೂವತ್ತು ವರ್ಷ ಜೊತೆಯಲ್ಲಿಟ್ಟುಕೊಂಡು ಕೆಲಸ ಮಾಡಿಸಿದ್ದರು. ಪೀಠ ಬಿಡದವರೂ ಅದನ್ನು ಮುಚ್ಚಿಟ್ಟುಕೊಂಡಿರಲಿಲ್ಲ. ನೆಪ ಹೋಯಿತು.

ತಾಯಂದಿರು ನಗುತ್ತಿದ್ದೀರಿ. ನಿಮ್ಮ ನಿವೃತ್ತಿಯ ವಿಷಯವನ್ನು ಯಾವ ಕಾಯಿದೆಯಲ್ಲಿಯೂ ನಾವು ಕಾಣಲಿಲ್ಲ. ಗಂಡಸರು ಅರವತ್ತಕ್ಕೆ ಹಾರ, ಶಾಲು, ಫಲತಾಂಬೂಲ ತೆಗೆದುಕೊಂಡು ಬಂದು, "ಕಾಫಿ ಆಯಿತೇ?" ಎನ್ನುತ್ತಾರೆ, ಮಾಡಿಕೊಡುವವರಿಗೂ ಅರವತ್ತು ಹತ್ತಿರ ಬಂದಿರುತ್ತದೆ. ಮೊದಲು ಒಂದು ಸಲ ಕೇಳುತ್ತಿದ್ದರು, ನಿವೃತ್ತರಾದ ಮೇಲೆ ದಿನಕ್ಕೆ ಐದು ಸಲ. ಹಾಗೆಂದು ಅತ್ತೆಯವರು ಸಾಂಬಾರ ಪುಡಿಯ ಡಬ್ಬ ಬಿಟ್ಟುಕೊಡುತ್ತಾರೆಂದೂ ಅಲ್ಲ. ಅದಕ್ಕೆ ಬೀಗ ಇಲ್ಲ ಅಷ್ಟೇ.

ಅರವತ್ತಕ್ಕೆ ಅರಳು ಮರಳು ಎಂದು ನಮ್ಮಲ್ಲಿ ಹಾಸ್ಯ ಮಾಡುತ್ತಾರೆ. ಬುದ್ಧಿ ಕೆಟ್ಟಿತು ಎಂಬ ಅರ್ಥದಲ್ಲಿ. ಬೇಂದ್ರೆಯವರು ಅರವತ್ತು ದಾಟಿದ ಮೇಲೆ ತಮ್ಮ ಕವನ ಸಂಗ್ರಹಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟರು. ಮರಳಿ ಅರಳುವುದು ಎಂದೂ ಅದನ್ನು ಓದಿಕೊಳ್ಳಬಹುದಲ್ಲ. 1958ರಲ್ಲಿ ಅದಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅಂಥ ಮರುಳು ಎಷ್ಟು ಜನಕ್ಕೆ ಹಿಡಿದೀತು!

ಕಾರ್ತಿಕದಲ್ಲಿ ಬಂದಿದ್ದ ಆ ಹಿರಿಯರು ಹೋದ ತಿಂಗಳು ಮತ್ತೆ ಮಠಕ್ಕೆ ಬಂದಿದ್ದರು. ಪಾಲಿನ ಮಾತು ಏನಾಯಿತು ಎಂದು ಅಂಜುತ್ತಲೇ ಕೇಳಿದೆವು. ನಿಂತಿತು ಎಂದರು. ಬೀಗದ ಕೈ ಕೊಟ್ಟರಂತೆ.

"ಮಗನಿಗೆ ಕೊಟ್ಟಿರಾ?"

"ಇಲ್ಲ ಬುದ್ಧಿ, ಸೊಸೆಗೆ ಕೊಟ್ಟೆ. ಅವನಿಗೆ ಕೊಟ್ಟಿದ್ರೆ ಅವನೂ ನನ್ನಂಗೇ ಆಗ್ತಾನೆ."

ಈಗ ಅವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಕುಕ್ಕೆ ಹಿಡಿದು ತೋಟಕ್ಕೆ ಹೋಗಿ ಉದುರಿದ ಅಡಿಕೆ ಆಯುತ್ತಾರಂತೆ. ಯಾರೂ ಹೇಳಿದ್ದಲ್ಲ. ಅದನ್ನು ಕೇಳಿ ನಮಗೆ ಲಕ್ಕಮ್ಮನವರ ನೆನಪಾಗಿ ಮಾತು ನಿಂತಿತು. ಅವರು ಮಾತ್ರ ಬಿಡಲಿಲ್ಲ.

"ತಮ್ಮದು ಬುದ್ಧಿ?"

"ಉಗ್ರಾಣದ ಕೈ ಮರಿದೇವರ ಹತ್ತಿರ ಇದೆ" ಎಂದೆವು.

"ಪೆಟ್ಟಿಗೇದು?"

ಪ್ರಸಾದಕ್ಕೆ ಹೊತ್ತಾಯಿತು, ಏಳಿ ಎಂದು ಅವರನ್ನು ಎಬ್ಬಿಸಿಕೊಂಡು ಪಂಕ್ತಿಗೆ ನಡೆದೆವು.